ಗೋಧಿ ಬಣ್ಣ, ರಾಗಿ ಬಣ್ಣ

1975 ಎಂದೊಡನೆ ನಮ್ಮ ಓರಗೆಯವರಿಗೆ ಮೊದಲು ನೆನಪಾಗುವುದು ತುರ್ತುಪರಿಸ್ಥಿತಿ. ಅದೇ ವರ್ಷ ಹೆಚ್ಚು ಸದ್ದಿಲ್ಲದೆ ಇನ್ನೆರಡು ಸಂಗತಿಗಳು ನಡೆದವು. ಗಾಂಧಿ ಜಯಂತಿಯ ದಿನ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ಬಾಗಿಲು ತೆರೆದವು. ಅದೇ ವರ್ಷ ಹಿಂದೂಸ್ತಾನ್ ಲಿವರ್ ಕಂಪನಿ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮನ್ನು ಮಾರುಕಟ್ಟೆಗೆ ಬಿಟ್ಟಿತು. ಅಂಗನವಾಡಿ ಮಗುವಿನ ತೂಕ ಹೆಚ್ಚಿಸುತ್ತೇನೆಂದು ಮಾತು ಕೊಟ್ಟರೆ, ಮುಲಾಮು ಹುಡುಗಿಯ ಬಣ್ಣ ತಿಳಿಯಾಗಿಸುತ್ತೇನೆಂದು ಮಾತು ಕೊಟ್ಟಿತು. ಎರಡಕ್ಕೂ ಈಗ ಐವತ್ತು ತುಂಬಿದೆ. ಯಾವುದು ಹಳ್ಳಿಯ ಗೂಡಂಗಡಿಯ ತನಕ ಮೊದಲು ತಲುಪಿತು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಈ ಐವತ್ತು ವರ್ಷಗಳಲ್ಲಿ ನಮ್ಮ ತಟ್ಟೆಗೆ ಏನಾಯಿತು, ನಮ್ಮ ಮೈಯನ್ನು ನಾವು ನೋಡಿಕೊಳ್ಳುವ ಕಣ್ಣಿಗೆ ಏನಾಯಿತು ಎಂದು ಒಮ್ಮೆ ಹಿಂತಿರುಗಿ ನೋಡುವುದು ಈ ಬರಹದ ಉದ್ದೇಶ.

ಹಿಂದಿನ ಊಟವೆಲ್ಲ ಅಮೃತ, ಈಗಿನದೆಲ್ಲ ವಿಷ ಎಂದು ಶುರು ಮಾಡುವುದು ಸುಲಭ. ಆದರೆ ನೆನಪು ನೆಟ್ಟಗಿದ್ದವರು ಹಾಗೆ ಹೇಳಲಾರರು. ಅರವತ್ತರ ದಶಕದ ಬರಗಾಲಗಳನ್ನು ಕಂಡವರಿಗೆ ಪಡಿತರದ ಕೆಂಪು ಜೋಳ ಗೊತ್ತು, ಶಾಲೆಯ ಹಿತ್ತಲಲ್ಲಿ ಬೇಯುತ್ತಿದ್ದ ಅಮೆರಿಕದ ರವೆಯ ಉಪ್ಪಿಟ್ಟಿನ ವಾಸನೆ ಗೊತ್ತು, ಅಂಗೈಯಲ್ಲಿ ಸುರಿದುಕೊಂಡು ನೆಕ್ಕಿದ ಹಾಲಿನ ಪುಡಿ ಗೊತ್ತು. ಮನೆಯಲ್ಲಿ ಮುದ್ದೆ, ಉಪ್ಸಾರು, ಬದುವಿನ ಮೇಲಿನ ಅಣ್ಣೆಸೊಪ್ಪು, ಬೆಳಗಿಗೆ ಅಂಬಲಿ. ಉತ್ತರದಲ್ಲಿ ಜೋಳದ ರೊಟ್ಟಿ, ಗುರೆಳ್ಳು ಹಿಂಡಿ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ. ಇಂದಿನ ಆಹಾರತಜ್ಞರು ಹೊಗಳುವ ಎಲ್ಲವೂ ಅಲ್ಲಿತ್ತು, ಸಾಕಷ್ಟು ಪ್ರಮಾಣವೊಂದನ್ನು ಬಿಟ್ಟು. ಮನೆಮಂದಿಯೆಲ್ಲ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ತಿನ್ನುತ್ತಿದ್ದ ಅಮ್ಮಂದಿರ ಊಟವನ್ನು ‘ಸಮತೋಲ ಆಹಾರ’ ಎಂದು ಕರೆಯುವ ಧೈರ್ಯ ನಮಗಿಲ್ಲ. ಬೀಸುವ ಕಲ್ಲು ಮೂಲೆ ಸೇರಿದ್ದನ್ನು ನಷ್ಟವೆಂದು ಬರೆಯುವವರು ಸಾಮಾನ್ಯವಾಗಿ ಅದನ್ನು ಬೀಸಿದವರಲ್ಲ.

ಆ ಊಟಕ್ಕೆ ಮರ್ಯಾದೆಯೂ ಇರಲಿಲ್ಲ. ಅನ್ನ ಹಬ್ಬಕ್ಕೆ, ನೆಂಟರಿಗೆ, ಜ್ವರ ಬಂದವರಿಗೆ. ಮುದ್ದೆ ಉಳಿದ ದಿನಗಳಿಗೆ, ಉಳಿದ ಜನಕ್ಕೆ. ಪೇಟೆಯ ಶಾಲೆಗೆ ಸೇರಿದ ಹಳ್ಳಿ ಹುಡುಗ ಡಬ್ಬಿಯ ಮುಚ್ಚಳ ಅರ್ಧ ತೆರೆದು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ಚಿತ್ರ ನಮ್ಮಲ್ಲಿ ಅನೇಕರ ಸ್ವಂತ ಚಿತ್ರ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೊನೆಗೆ ರಾಮನ ಬಾಯಿಂದ ರಾಗಿಯನ್ನು ಗೆಲ್ಲಿಸಿ ಶತಮಾನಗಳೇ ಆಗಿದ್ದವು. ತೀರ್ಪು ಜಾರಿಗೆ ಬಂದಿರಲಿಲ್ಲ, ಅಷ್ಟೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯೊಂದಿಗೆ ನಮ್ಮ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟು ಇಳುವರಿ ಏರಿಸಿದರು. ಜನ ಅವರ ಹೆಸರಿನ ಮುಂದೆ ರಾಗಿಯನ್ನೇ ಬಿರುದಾಗಿ ಸೇರಿಸಿ ‘ರಾಗಿ ಲಕ್ಷ್ಮಣಯ್ಯ’ ಎಂದರು. ರೈತರ ಹೊಟ್ಟೆ ತುಂಬಿತು. ಆದರೂ ಮಗಳನ್ನು ಕೊಡುವಾಗ ನೋಡುತ್ತಿದ್ದದ್ದು ಗದ್ದೆ ಬಯಲಿನ ಮನೆಯನ್ನೇ, ಅನ್ನ ಉಣ್ಣುವ ಮನೆಯನ್ನೇ.

ಧಾನ್ಯದ ಈ ಮೇಲು ಕೀಳು ಮೈಬಣ್ಣಕ್ಕೂ ಅಂಟಿಕೊಂಡಿತ್ತು. ಪೊಲೀಸರು ಕಾಣೆಯಾದವರ ಪ್ರಕಟಣೆ ಕೊಡುವಾಗ ಬಳಸುವ ಒಂದು ಸಾಲು ನಮಗೆಲ್ಲ ಬಾಯಿಪಾಠ: ಗೋಧಿ ಬಣ್ಣ, ಸಾಧಾರಣ ಮೈಕಟ್ಟು. 2016ರಲ್ಲಿ ಅದೇ ಹೆಸರಿನ ಸಿನಿಮಾ ಬಂದು ಆ ಸರ್ಕಾರಿ ಮಾತಿಗೂ ಒಂದು ಮಮತೆ ತಂದುಕೊಟ್ಟಿತು. ಗೋಧಿ ಬೆಳೆಯುವುದು ಕಡಿಮೆ, ಉಣ್ಣುವುದು ಇನ್ನೂ ಕಡಿಮೆ ಇದ್ದ ಸೀಮೆಯಲ್ಲೂ ಮನುಷ್ಯರು ಗೋಧಿ ಬಣ್ಣದವರೇ ಆಗಿದ್ದರು. ಹೊಲದ ತುಂಬ ರಾಗಿ ಬೆಳೆದು, ಹೊಟ್ಟೆ ತುಂಬ ರಾಗಿ ಉಂಡವರ ನಾಡಿನಲ್ಲಿ ‘ರಾಗಿ ಬಣ್ಣದ ಹುಡುಗಿ’ ಎಂದು ಬರೆದ ಒಂದೇ ಒಂದು ವಧುವರರ ಜಾಹೀರಾತನ್ನು ಇಷ್ಟು ವರ್ಷಗಳ ಪತ್ರಿಕಾ ವೃತ್ತಿಯಲ್ಲಿ ನಾವು ಕಂಡಿಲ್ಲ. ಎಣ್ಣೆಗೆಂಪು ಎಂಬ ಜಾಣ ಮಾತಿತ್ತು. ಬಸುರಿಗೆ ಕೇಸರಿ ಹಾಲು, ಮಕ್ಕಳಿಗೆ ‘ಟೀ ಕುಡಿದರೆ ಕರ್ರಗಾಗ್ತೀಯ’ ಎಂಬ ಗದರಿಕೆ. ಮುಲಾಮು ಬಂದದ್ದು ಉತ್ತು ಹದವಾಗಿದ್ದ ನೆಲಕ್ಕೆ. ಕಂಪನಿ ಬಿತ್ತಿತು, ಅಷ್ಟೇ.

ಮೈಯ ಅಳತೆಯ ಮಟ್ಟಿಗೆ ಮಾತ್ರ ಆ ಕಾಲ ಇಂದಿಗಿಂತ ಸ್ವಲ್ಪ ಉದಾರವಾಗಿತ್ತು ಎನ್ನಬೇಕು. ತವರಿಂದ ಬಂದ ಸೊಸೆಯನ್ನು ಕಂಡು ‘ಮೈಕೈ ತುಂಬ್ಕೊಂಡಿದ್ದೀಯಲ್ಲೇ’ ಎಂದರೆ ಅದು ಹರಕೆ, ಹಂಗಿಸುವುದಲ್ಲ. ಬೈಗುಳವಿದ್ದದ್ದು ಸಣಕಲರಿಗೆ. ಎಂಬತ್ತರ ದಶಕದಲ್ಲಿ ಕಾಲುವೆ, ಕೊಳವೆಬಾವಿ, ಸೊಸೈಟಿಯ ಅಕ್ಕಿ ಸೇರಿ ಅನ್ನವನ್ನು ದಿನದ ಊಟವಾಗಿಸಿದವು. ಕುಕ್ಕರು ಕೂಗಿತು, ಮಿಕ್ಸಿ ತಿರುಗಿತು, ರುಬ್ಬುವ ಗುಂಡಿನ ಹೊರೆ ತಪ್ಪಿತು. ಗಾಣದ ಕಡಲೆಕಾಯಿ ಎಣ್ಣೆ ಹೋಗಿ ಪಾಮೊಲಿನ್ ಬಂತು. ಹೊಟ್ಟೆ ತುಂಬ ಉಣ್ಣುವುದು ಮೊದಲ ಬಾರಿಗೆ ಬಹುಜನರ ಅನುಭವವಾಯಿತು. ಇದು ಸಣ್ಣ ಗಳಿಕೆಯಲ್ಲ. ಆದರೆ ತಟ್ಟೆಯಲ್ಲಿ ಬಿಳುಪು ಹೆಚ್ಚಿದಂತೆ ಹುರುಳಿ, ಅವರೆ, ಸೊಪ್ಪು ಅಂಚಿಗೆ ಸರಿದವು. ನವಣೆ, ಸಾಮೆ, ಹಾರಕ ಹೊಲದಿಂದಲೇ ಮಾಯವಾದವು; ದಾವಣಗೆರೆ, ಹಾವೇರಿಯ ಕಡೆ ಆ ಜಾಗಕ್ಕೆ ಮೆಕ್ಕೆಜೋಳ ಬಂದು ಕೋಳಿಯ ಆಹಾರವಾಗಿ ಲಾರಿ ಹತ್ತಿತು.

ಆಮೇಲೆ ಬಂತು 1996. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಹಿಂದಿನ ವರ್ಷವಷ್ಟೇ ತೆರೆದಿದ್ದ ಕೆಂಟಕಿ ಕೋಳಿ ಅಂಗಡಿಗೆ ಜನವರಿಯಲ್ಲಿ ರೈತಸಂಘದವರು ನುಗ್ಗಿದರು. ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಎಡ, ಬಲ, ರೈತ, ಸ್ತ್ರೀವಾದಿ ಎಲ್ಲರೂ ತಮ್ಮ ತಮ್ಮ ಕಾರಣಕ್ಕೆ ಬೀದಿಗಿಳಿದರು. ಈಜುಡುಗೆಯ ಸುತ್ತನ್ನು ಸಂಘಟಕರು ಸೆಷೆಲ್ಸ್ ದ್ವೀಪಕ್ಕೆ ಸಾಗಹಾಕಿದರು, ಸರ್ಕಾರ ನಿಟ್ಟುಸಿರುಬಿಟ್ಟಿತು. ರೈತಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರ ಚಳವಳಿಯನ್ನು ಕಂಡು ಆಗ ಅನೇಕರು, ನಾವೂ ಸೇರಿದಂತೆ, ಕೋಳಿ ತಿನ್ನುವುದಕ್ಕೇಕೆ ಇಷ್ಟು ರಂಪ ಎಂದು ನಕ್ಕಿದ್ದುಂಟು. ನಮ್ಮ ತಟ್ಟೆಯಲ್ಲಿ ಏನಿರಬೇಕು, ನಮ್ಮ ಸೊಂಟ ಎಷ್ಟಿರಬೇಕು ಎಂಬ ಎರಡು ತೀರ್ಮಾನಗಳೂ ಒಂದೇ ವರ್ಷ, ಒಂದೇ ಊರಿನಲ್ಲಿ ಕೈ ಬದಲಾದವು ಎಂದು ಈಗ ಅನ್ನಿಸುತ್ತದೆ. ಆ ರಾತ್ರಿಯ ಕಿರೀಟ ಯಾರಿಗೆ ಹೋಯಿತೆಂಬುದು ಯಾರಿಗೂ ನೆನಪಿಲ್ಲ. ಅಳತೆಪಟ್ಟಿ ಮಾತ್ರ ಇಲ್ಲೇ ಉಳಿಯಿತು.

ಅದನ್ನು ಮನೆಮನೆಗೆ ಒಯ್ದವರಲ್ಲಿ ನಮ್ಮಂಥ ಪತ್ರಿಕೆಗಳೂ ಸೇರಿದ್ದವು ಎಂಬುದನ್ನು ಮುಚ್ಚಿಡಲಾಗದು. ದೀಪಾವಳಿ ವಿಶೇಷಾಂಕದ ಒಂದು ಪುಟದಲ್ಲಿ ಹೋಳಿಗೆ, ಚಿರೋಟಿ. ಅದರೆದುರು ಪುಟದಲ್ಲಿ ‘ಏಳು ದಿನಗಳಲ್ಲಿ ಸೊಂಟ ಕರಗಿಸಿ’. ಬಾಣಂತಿಯ ಹೊಟ್ಟೆಯನ್ನು ದೋಷವೆಂಬಂತೆ ಬರೆದೆವು. ದಪ್ಪಗಿದ್ದವರನ್ನು ನಗಿಸಲಿಕ್ಕೆಂದೇ ಇಟ್ಟುಕೊಂಡ ಸಿನಿಮಾಗಳ ವಿಮರ್ಶೆಯಲ್ಲಿ ‘ಹಾಸ್ಯ ಪರವಾಗಿಲ್ಲ’ ಎಂದು ಷರಾ ಬರೆದೆವು. ಬೊಕ್ಕತಲೆಯ ಮೇಷ್ಟರೊಬ್ಬರ ಸಂಕಟವನ್ನೇ ಕಥೆಯಾಗಿಸಿಕೊಂಡ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಬರುವ ತನಕ, ನಗುವವರ ಕಡೆಯಿಂದಲ್ಲದೆ ನಗಿಸಿಕೊಳ್ಳುವವರ ಕಡೆಯಿಂದಲೂ ನೋಡಬಹುದೆಂದು ಕನ್ನಡ ತೆರೆ ನೆನಪಿಸಿಕೊಂಡದ್ದು ಅಪರೂಪ.

ಈ ನಡುವೆ ಸರ್ಕಾರದ ಅಡುಗೆಮನೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. 2002ರಲ್ಲಿ ಅಕ್ಷರ ದಾಸೋಹ, 2013ರಲ್ಲಿ ಅನ್ನಭಾಗ್ಯ ಮತ್ತು ಕ್ಷೀರಭಾಗ್ಯ, ಆಮೇಲೆ ಮೊಟ್ಟೆ. ಮೊಟ್ಟೆಯ ಕುರಿತು ನಡೆದ ಜಗಳದಲ್ಲಿ ಮಕ್ಕಳ ಹಸಿವಿಗಿಂತ ದೊಡ್ಡವರ ಮಡಿ ಹೆಚ್ಚು ಮಾತಾಡಿತು. ಆದರೂ ಮೊಟ್ಟೆ ತಟ್ಟೆಗೆ ಬಂತು. ಪಡಿತರದಲ್ಲಿ ಅಕ್ಕಿಯದೇ ಮೇಲುಗೈ ಆದದ್ದರ ಬಗ್ಗೆ ನಮ್ಮ ತಕರಾರು ಇದ್ದೇ ಇದೆ. ಹಾಗೆಂದು ಆ ಅಕ್ಕಿ ಇಲ್ಲದಿದ್ದರೆ ಎಷ್ಟು ಒಲೆಗಳು ಉರಿಯುತ್ತಿರಲಿಲ್ಲ ಎಂಬುದನ್ನು ಮರೆತು ಆಡುವ ತಕರಾರಲ್ಲ ಅದು.

ರಾಗಿಯ ಅದೃಷ್ಟ ತಿರುಗಿದ್ದು ಈ ಅವಧಿಯಲ್ಲೇ. ಕಿರುಧಾನ್ಯಗಳಿಗೆ ‘ಸಿರಿಧಾನ್ಯ’ ಎಂಬ ಹೆಸರು ಅಂಟಿಕೊಂಡಿತು. ಎರಡು ಅಕ್ಷರ ಬದಲಾದದ್ದರಿಂದ ಬೆಲೆ ಎಷ್ಟು ಬದಲಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಭಾರತದ ಒತ್ತಾಸೆಯಿಂದ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದ್ದರೆ ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು ಎಂಬ ಲೆಕ್ಕ, ಹೈದರಾಬಾದಿನ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ದಶಕಗಳಿಂದ ಮಲಗಿದ್ದದ್ದು, ಎದ್ದು ಪಾಕೀಟಿನ ಮೇಲೆ ಕುಳಿತಿತು. ರಾಗಿ ತಿಂದರೆ ಸಕಲ ರೋಗವೂ ಓಡಿಹೋಗುತ್ತದೆಂಬ ಉಪನ್ಯಾಸಗಳೂ ಬಂದವು. ಹಸಿದವರ ಧಾನ್ಯವಾಗಿದ್ದದ್ದು ಈಗ ಹೊಟ್ಟೆ ತುಂಬಿದವರ ಔಷಧಿ. ಒಂದು ಕಾಲಕ್ಕೆ ಅಕ್ಕಿ ಕೊಳ್ಳಲಾಗದವರು ಉಣ್ಣುತ್ತಿದ್ದ ನವಣೆಯನ್ನು ಇಂದು ಅವರ ಮೊಮ್ಮಕ್ಕಳು ಕೊಳ್ಳಲಾರರು. ಹೀಗಿದ್ದರೂ ಮುದ್ದೆಗೆ ಸಿಕ್ಕ ಮರ್ಯಾದೆ ಸುಳ್ಳಲ್ಲ. ಮದುವೆಮನೆಯ ಎಲೆಯ ಮೇಲೆ ಅದಕ್ಕೊಂದು ಜಾಗವಿದೆ.

ಧಾನ್ಯ ಗೆದ್ದಿತು, ಅದನ್ನುಂಡ ಮೈ? ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟ ಪುಸ್ತಕಗಳಿದ್ದವು. ಸಂಶೋಧಕರು ಆ ಶಿಶುಗಳನ್ನು, ಅಂದರೆ ಅಷ್ಟರಲ್ಲಿ ವಯಸ್ಸಾಗಿದ್ದ ಗಂಡಸರು ಹೆಂಗಸರನ್ನು, ಬೀದಿ ಬೀದಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿಯೇ, ಕ್ರೀಡಾಂಗಣದಲ್ಲಿ ಅಳತೆಪಟ್ಟಿ ಹಿಡಿದ ಅದೇ ವರ್ಷ, ಫಲಿತಾಂಶ ಪ್ರಕಟವಾಯಿತು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚು. ಗರ್ಭದಲ್ಲಿ ಉಪವಾಸವಿದ್ದ ಮೈ ಆ ಉಪವಾಸವನ್ನು ಐವತ್ತು ಅರವತ್ತು ವರ್ಷ ಮರೆಯುವುದಿಲ್ಲವೆಂದಾಯಿತು. ತಳ ಬಳಿದು ಉಂಡ ಅಜ್ಜಿಯ ಹಸಿವು ಮೊಮ್ಮಗನ ಸಕ್ಕರೆ ಕಾಯಿಲೆಯ ಚೀಟಿಯಲ್ಲೂ ಇಣುಕಬಹುದು. ಇದನ್ನರಿತ ಮೇಲೂ ದಪ್ಪ ಮೈಯನ್ನು ಸೋಮಾರಿತನದ ಕುರುಹೆಂದು ನೋಡುವುದಕ್ಕೆ ಕಲ್ಲೆದೆ ಬೇಕು. ಬೆಲ್ಜಿಯಂನ ಕ್ವೆಟೆಲೆ ಎಂಬ ಖಗೋಳಜ್ಞ ಹತ್ತೊಂಬತ್ತನೆಯ ಶತಮಾನದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಕೊಟ್ಟ ಸೂತ್ರವೇ ಇಂದಿನ ಬಿಎಂಐ, ಅವನು ಹುಡುಕಿದ್ದೂ ಒಂದರ್ಥದಲ್ಲಿ ಆ ‘ಸಾಧಾರಣ ಮೈಕಟ್ಟ’ನ್ನೇ. ಬರಿಯ ಆ ಅಂಕಿಯಿಂದ ಬೊಜ್ಜನ್ನು ರೋಗವೆಂದು ನಿರ್ಣಯಿಸಬಾರದೆಂದು ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗ ಹೇಳಿದ್ದು 2025ರ ಜನವರಿಯಲ್ಲಿ.

ಲೆಕ್ಕದ ಪುಸ್ತಕ ಮುಚ್ಚುವ ಮುನ್ನ ಒಂದೆರಡು ಅಂಕಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ರಾಜ್ಯದ ಹೆಂಗಸರಲ್ಲಿ ಶೇ. 30.1ರಷ್ಟು ಮಂದಿಯ ತೂಕ ಮಿತಿಮೀರಿತ್ತು. ನಾಲ್ಕನೆಯ ಸುತ್ತಿನಲ್ಲಿ ಅದು ಶೇ. 23.3. ಐದನೆಯ ಸುತ್ತಿನಲ್ಲೇ ಶೇ. 47.8ರಷ್ಟು ಹೆಂಗಸರಿಗೆ ರಕ್ತಹೀನತೆ, ಅದೂ ಹಿಂದಿನದಕ್ಕಿಂತ ಹೆಚ್ಚು. ತೂಕ ಏರಿತು, ರಕ್ತ ಏರಲಿಲ್ಲ. ನರಸೀಪುರದಲ್ಲಿ ಕೊಟ್ಟ ಮಾತು ಅರ್ಧ ಮಾತ್ರ ಸಂದಿದೆ.

ಮುಲಾಮಿನ ಕಂಪನಿ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿತು. ಕೊಳವೆಯೊಳಗಿನ ಆಸೆ ಬದಲಾದಂತೆ ಕಾಣಲಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಶಸ್ತ್ರಚಿಕಿತ್ಸೆಗೆ ಹೋದ 21 ವರ್ಷದ ಕಿರುತೆರೆ ನಟಿ ಮನೆಗೆ ಮರಳಲಿಲ್ಲ. ನಾಲ್ಕು ದಿನ ಸುದ್ದಿಯಾಯಿತು. 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ನಿಜಕ್ಕೂ ಅಗತ್ಯವಿರುವ ರೋಗಿಗಳಿಗೆ ಅವು ವರವೇ. ಮದುವೆಯ ಮುಹೂರ್ತಕ್ಕೆ ಮೊದಲು ಕರಗಬೇಕೆಂದು ಅವುಗಳ ಬೆಲೆ ವಿಚಾರಿಸುವವರು ಯಾರೆಂದು ಊಹಿಸುವುದೂ ಕಷ್ಟವಲ್ಲ.

ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಿದ್ದಾರೆ. ಈಚೆಗೆ ಮೈಸೂರು ಸೀಮೆಯ ಹಳ್ಳಿಯೊಂದರ ಶಾಲೆಯ ಜಗಲಿಯಲ್ಲಿ ಅದನ್ನು ನೋಡುತ್ತ ನಿಂತಿದ್ದೆವು. ಯಾರೂ ಗೋಡೆಗೆ ಮುಖ ಮಾಡಿರಲಿಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳು ಲೋಟ ಬರಿದು ಮಾಡಿ, ತುಟಿಯ ಮೇಲಿನ ಕಂದು ಮೀಸೆಯನ್ನು ಒರೆಸಿಕೊಳ್ಳುತ್ತಿದ್ದಳು. ಪಕ್ಕದವಳು ದೊಡ್ಡವರ ದನಿಯಲ್ಲಿ ಹೇಳಿದಳು: ‘ಸಾಕು ಕಣೇ, ಇನ್ನೂ ಕರ್ರಗಾಗ್ತೀಯ.’ ಆ ಹುಡುಗಿ ಅವಳನ್ನೊಮ್ಮೆ ನೋಡಿದಳು, ಲೋಟವನ್ನೊಮ್ಮೆ ನೋಡಿದಳು. ಆಮೇಲೆ ಅಡುಗೆಯವಳ ಕಡೆಗೆ ಕೈ ಚಾಚಿದಳು.

‘ಅಕ್ಕಾ, ಇನ್ನೊಂಚೂರು.’