ಹಳದಿ ಗರುಗ: ಹೂವಲ್ಲ, ಎಲೆ ನೋಡಿ

ಬಿಳಿ ಹೂವಿನ ಗರುಗ ಎಲ್ಲರಿಗೂ ಗೊತ್ತು. ಕಾಸರಗೋಡಿನ ಗದ್ದೆಹುಣಿ, ತೋಡಿನ ಬದಿಯ ತೇವದಲ್ಲಿ ಬೆಳೆಯುವ ಹಳದಿ ಹೂವಿನ ಗರುಗವೂ ನಮ್ಮ ನಾಡಿನದೇ, ಆಯುರ್ವೇದದ ಪೀತಭೃಂಗರಾಜ. ಅಂಗಳದ ಅಂದಕ್ಕೆಂದು ನಮ್ಮಲ್ಲನೇಕರು ನೆಡುವ ಹಳದಿ ಹೂಬಳ್ಳಿಯಾದರೋ ಇದರ ಅಮೆರಿಕದ ದಾಯಾದಿ. ಹೂವು ಎರಡರದೂ ಹಳದಿ, ಎಲೆ ಬೇರೆ. ನಮ್ಮದರ ಎಲೆ ಉದ್ದ, ಸಪೂರ. ಅದರದು ಅಗಲ, ಹೊಳಪು, ಹೆಚ್ಚಾಗಿ ಮೂರು ಸೀಳು. ಕಡಿದು ತೋಡಿಗೆಸೆದ ಅದರ ತುಂಡೂ ಗೆಣ್ಣಿನಲ್ಲಿ ಬೇರು ಬಿಟ್ಟು ಹುಣಿಯನ್ನೆಲ್ಲ ಮುಚ್ಚುತ್ತದೆ. ನಮ್ಮ ಗಿಡಕ್ಕೆ ಜಾಗವೇ ಉಳಿಯದು.

ಅಂಗಳಕ್ಕೂ ನಮ್ಮ ಗರುಗವೇ ಸಾಕೆಂದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ಮೂರು ಗೆಣ್ಣಿನ ತುಂಡನ್ನು ತೇವದ ಮಣ್ಣಿನಲ್ಲಿ ನೆಡಿ, ಚಿಗುರುತ್ತದೆ. ಕಾಮಾಲೆಗೆಂದು ಈ ಸೊಪ್ಪು ಕೊಯ್ಯುವವರಿದ್ದಾರೆ. ಗುರುತು ಸಿಗದ ಸೊಪ್ಪು ಅರೆಯಬೇಡಿ. ಮೊದಲು ವೈದ್ಯರನ್ನು ಕಾಣಿರಿ.