ಮರಳಿ ಬಂದ ಪ್ರಬಂಧ ಅವಮಾನವಲ್ಲ

ಮುಂಬಯಿಯ ಕನ್ನಡ ಸಂಘಗಳ ಪ್ರತಿಭಾ ಪುರಸ್ಕಾರ ಸಮಾರಂಭಗಳಲ್ಲಿ ಎಸ್ಸೆಸ್ಸಿ, ಎಚ್ಚೆಸ್ಸಿ ಮಕ್ಕಳ ಜೊತೆಗೆ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ಯುವಕ ಯುವತಿಯರೂ ವೇದಿಕೆ ಏರುವುದುಂಟು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಮೊಮ್ಮಕ್ಕಳು ಈ ಹಂತ ತಲುಪಿರುವುದು ಹೆಮ್ಮೆಯ ಸಂಗತಿ. ಆದರೆ ಪರಿಚಯ ಭಾಷಣದಲ್ಲಿ 'ಹತ್ತು ಅಂತಾರಾಷ್ಟ್ರೀಯ ಪ್ರಬಂಧಗಳು ಪ್ರಕಟ' ಎಂದಾಗ ಸಭೆ ಚಪ್ಪಾಳೆ ತಟ್ಟುತ್ತದೆಯೇ ಹೊರತು, ಅವು ಎಲ್ಲಿ ಪ್ರಕಟವಾದವು ಎಂದು ಕೇಳುವವರಿಲ್ಲ.

ಕೇಳಬೇಕಾದ ಕಾಲ ಬಂದಿದೆ. ಹಣ ಕಟ್ಟಿದರೆ ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ನಕಲಿ ನಿಯತಕಾಲಿಕಗಳು ದೇಶದಲ್ಲಿ ಹೇರಳವಾಗಿವೆ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಮಾನ್ಯತಾ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ಕೈಬಿಡಬೇಕಾಯಿತು. ಅನಂತರ ಬಂದ 'ಕೇರ್' ಪಟ್ಟಿಯೂ 2025ರ ಫೆಬ್ರವರಿಯಲ್ಲಿ ನಿಂತಿತು. ಒಳ್ಳೆಯದು ಯಾವುದು, ನಕಲಿ ಯಾವುದು ಎಂಬುದನ್ನು ಈಗ ವಿದ್ಯಾಸಂಸ್ಥೆಗಳೇ ನಿರ್ಧರಿಸಬೇಕು.

ಪ್ರಾಮಾಣಿಕ ನಿಯತಕಾಲಿಕದ ರೀತಿಯೇ ಬೇರೆ. 1949ರಲ್ಲಿ ಸಚಿನ್ ಚೌಧುರಿಯವರು ಇದೇ ಮುಂಬಯಿಯಲ್ಲಿ ಆರಂಭಿಸಿದ 'ಎಕನಾಮಿಕ್ ವೀಕ್ಲಿ', 1966ರಿಂದ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಆಗಿ ಮುಂದುವರಿದಿದೆ. ಅದರ ವಿಶೇಷ ಲೇಖನಗಳನ್ನು ವಿಷಯ ಪರಿಣತರು ಪರಿಶೀಲಿಸುತ್ತಾರೆ. ಬರೆದವರು ಯಾರೆಂದು ಪರಿಣತರಿಗೆ ತಿಳಿಯದು, ಪರಿಶೀಲಿಸಿದವರು ಯಾರೆಂದು ಲೇಖಕರಿಗೂ ತಿಳಿಯದು. ಪ್ರಕಟಿಸಲು ಲೇಖಕರಿಂದ ಹಣ ಕೇಳುವುದಿಲ್ಲ. 'ಅಮೆರಿಕನ್ ಎಕನಾಮಿಕ್ ರಿವ್ಯೂ'ನಂಥ ದೊಡ್ಡ ನಿಯತಕಾಲಿಕಗಳು ಸಲ್ಲಿಕೆಯ ವೇಳೆ ಶುಲ್ಕ ಪಡೆಯುತ್ತವೆ ನಿಜ. ಆದರೆ ಆ ಶುಲ್ಕ ಪ್ರಕಟಣೆಯ ಭರವಸೆಯಲ್ಲ. ಒಂದು ಪ್ರಬಂಧವನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸುವಂತೆಯೂ ಇಲ್ಲ. ಉತ್ತರ ಬರಲು ತಿಂಗಳುಗಳೇ ಬೇಕು. ಬಂದ ಉತ್ತರವೂ ಬಹುಪಾಲು 'ಇಲ್ಲ' ಎಂದೇ ಇರುತ್ತದೆ. ದಾಖಲೆ ನೋಡದೆ ಅದೇ ದಿನ ಸಾಲ ಮಂಜೂರು ಮಾಡುವ ಬ್ಯಾಂಕನ್ನು ಯಾವ ಠೇವಣಿದಾರ ನಂಬಿಯಾನು?

ಜಾರ್ಜ್ ಅಕರ್‌ಲಾಫ್ ಅವರ ಕತೆ ಇಲ್ಲಿ ಸ್ಮರಣೀಯ. ಹಳೆಯ ಕಾರುಗಳ ಮಾರುಕಟ್ಟೆಯ ಕುರಿತು ಅವರು ಬರೆದ ಪ್ರಬಂಧವನ್ನು ಮೂರು ನಿಯತಕಾಲಿಕಗಳು ಹಿಂದಿರುಗಿಸಿದವು. ವಿಷಯವೇ ಕ್ಷುಲ್ಲಕ ಎಂದು ಹೇಳಿದವರೂ ಇದ್ದರು. 1970ರಲ್ಲಿ ನಾಲ್ಕನೆಯದು ಪ್ರಕಟಿಸಿತು. 2001ರಲ್ಲಿ ಅವರು ನೊಬೆಲ್ ಪುರಸ್ಕಾರ ಹಂಚಿಕೊಂಡರು. ಸರಕಿನ ಗುಣ ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಮಾಲು ಒಳ್ಳೆಯದನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂಬುದೇ ಆ ಪ್ರಬಂಧದ ತಿರುಳು. ನಕಲಿ ನಿಯತಕಾಲಿಕಗಳಿಗೂ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ!

ಮನೆಯವರ ಪಾತ್ರವನ್ನೂ ಮರೆಯುವಂತಿಲ್ಲ. 'ಇನ್ನೂ ಮುಗಿಯಲಿಲ್ಲವೇ ಮಗಾ, ಪಕ್ಕದ ಮನೆಯವರದ್ದು ಐದು ಬಂತಂತೆ' ಎಂಬ ಮಾತು ಕೇಳಿ ಕೇಳಿಯೇ ಎಷ್ಟೋ ಮಕ್ಕಳು ಅಪ್ಪನ ಉಳಿತಾಯದ ಹಣವನ್ನು ಇಂಥ ಕಡೆ ಸುರಿಯುತ್ತಾರೆ. ಪಿಎಚ್.ಡಿ.ಗೆ ಮೊದಲು ಪ್ರಬಂಧ ಪ್ರಕಟವಾಗಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲೇ ತೆಗೆದಿದೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ಅದನ್ನು ಮಾರ್ಗದರ್ಶಕರಲ್ಲಿ ವಿಚಾರಿಸಿ ತಿಳಿಯುವುದು ಲೇಸು.

ಸಂಘಗಳ ಪದಾಧಿಕಾರಿಗಳು ಮುಂದಿನ ಪುರಸ್ಕಾರದ ಅರ್ಜಿಯಲ್ಲಿ ಪ್ರಬಂಧಗಳ ಸಂಖ್ಯೆ ಕೇಳುವುದನ್ನು ಬಿಟ್ಟು, ನಿಯತಕಾಲಿಕದ ಹೆಸರು, ಕಳುಹಿಸಿದ ದಿನಾಂಕ, ಒಪ್ಪಿಗೆ ಬಂದ ದಿನಾಂಕ, ಕಟ್ಟಿದ ಹಣ ಇಷ್ಟನ್ನು ಕೇಳಲಿ. ಎರಡು ಬಾರಿ ಮರಳಿ ಬಂದ ಪ್ರಬಂಧವನ್ನು ತಿದ್ದಿ ಮೂರನೆಯ ಕಡೆ ಕಳುಹಿಸಿ ಕಾಯುತ್ತಿರುವ ವಿದ್ಯಾರ್ಥಿ ಇದ್ದರೆ ಅವರನ್ನೂ ವೇದಿಕೆಗೆ ಕರೆಯಲಿ.