ಕಾಗದವಿಲ್ಲದ ಪುಸ್ತಕಕ್ಕೆ ಕಾಗದದ ಬೆಲೆಯೇ?

ಕಳೆದ ತಿಂಗಳು ನಮ್ಮ ಶಾಲೆಯ ಲೈಬ್ರರಿಗೆಂದು ಸ್ವಲ್ಪ ದುಡ್ಡು ಒಟ್ಟಾಯಿತು. ಕಾಸರಗೋಡಿನ ನಮಗೆ ಕನ್ನಡ ಪುಸ್ತಕ ಬೇಕೆಂದರೆ ಹೆಚ್ಚಾಗಿ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕು, ಇಲ್ಲವೇ ಬೆಂಗಳೂರಿನಿಂದ ತರಿಸಬೇಕು. ಅಂಚೆ ಖರ್ಚು ಬೇರೆ. "ಈ ಸಲ ಇ-ಪುಸ್ತಕ ತೆಗೆದುಕೊಂಡರೆ ಹೇಗೆ ಮಾಷ್ಟ್ರೇ? ಅಗ್ಗಕ್ಕೆ ಸಿಗಬಹುದಲ್ಲ" ಎಂದರು ಪಿಟಿಎಯವರೊಬ್ಬರು. ನಮಗೂ ಹೌದೆನಿಸಿತು.

ಹುಡುಕಿ ನೋಡಿದರೆ... ಒಂದು ಮಕ್ಕಳ ಕಾದಂಬರಿ. ಅಚ್ಚಿನ ಪ್ರತಿಗೆ 150 ರೂಪಾಯಿ, ಅಂಗಡಿಯವರು ರಿಯಾಯಿತಿ ಕಳೆದು 120ಕ್ಕೆ ಕೊಡುತ್ತಾರೆ. ಇ-ಪುಸ್ತಕಕ್ಕೆ 135! ಕಾಗದವಿಲ್ಲ, ರಟ್ಟಿಲ್ಲ, ಲಾರಿ ಬಾಡಿಗೆಯಿಲ್ಲ, ಗೋದಾಮಿಲ್ಲ, ಗೆದ್ದಲಿನ ಭಯವೂ ಇಲ್ಲ. ಬೆಲೆ ಮಾತ್ರ ಹೆಚ್ಚು.

ಪ್ರಕಾಶಕರ ಕಷ್ಟವೂ ನಮಗೆ ಗೊತ್ತು. ಲೇಖಕರ ಗೌರವಧನ, ಕರಡು ತಿದ್ದುವವರ ಕೂಲಿ, ಮುಖಪುಟದ ಖರ್ಚು ಎರಡಕ್ಕೂ ಒಂದೇ. ಮಾರುವ ತಾಣಕ್ಕೂ ಪಾಲು ಕೊಡಬೇಕು. ಮೇಲೆ ತೆರಿಗೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ 2017ರಲ್ಲಿ ಶೇ. 18 ಹಾಕಿದರು. 2018ರಲ್ಲಿ, ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಗಳಿಗೆ ಅದನ್ನು ಶೇ. 5ಕ್ಕೆ ಇಳಿಸಿದರು. ಓದು ಒಂದೇ ಆಗಿರುವಾಗ ತೆರಿಗೆಯಲ್ಲಿ ಈ ಭೇದ ಏಕೋ!

ಆದರೆ ನಮ್ಮ ತಕರಾರು ಬರೀ ಹದಿನೈದು ರೂಪಾಯಿಯದ್ದಲ್ಲ. 120 ಕೊಟ್ಟು ತಂದ ಪುಸ್ತಕವನ್ನು ಏಳನೇ ತರಗತಿಯ ಮಕ್ಕಳೆಲ್ಲ ಸರದಿಯಲ್ಲಿ ಮನೆಗೊಯ್ಯುತ್ತಾರೆ. ಅಲ್ಲಿ ಅಕ್ಕ ಓದುತ್ತಾಳೆ, ಅಜ್ಜಿಗೆ ಓದಿ ಹೇಳುತ್ತಾಳೆ. ಹರಿದರೆ ಬೈಂಡ್ ಮಾಡಿಸುತ್ತೇವೆ, ಮುಂದಿನ ವರ್ಷದ ಮಕ್ಕಳಿಗೆ ಕೊಡುತ್ತೇವೆ. 135 ಕೊಟ್ಟದ್ದು ಒಬ್ಬ ಮಾಷ್ಟ್ರ ಫೋನಿನಲ್ಲೇ ಕೂತಿರುತ್ತದೆ. ಕೈದಾಟಿಸುವಂತಿಲ್ಲ, ಕಪಾಟಿನಲ್ಲಿಡುವಂತಿಲ್ಲ. ಯಾಕೆಂದರೆ ನಾವು ಕೊಳ್ಳುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು. ಅದಕ್ಕೂ ಖಾತ್ರಿಯಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಕೊಂಡವರಿಗೆ ದುಡ್ಡು ವಾಪಸು ಬಂತು, ಪುಸ್ತಕಗಳು ಹೋದವು.

ಗಡಿಯಾಚೆಯ ನಮಗೆ ಇದು ಹೆಚ್ಚು ಚುಚ್ಚುತ್ತದೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು. ಅದರಲ್ಲಿ ಮಲಯಾಳವಿತ್ತು, ತಮಿಳು, ಮರಾಠಿಯೂ ಇದ್ದವು; ಕನ್ನಡ ಇರಲಿಲ್ಲ. ಆಮೇಲೆ ಕನ್ನಡದವರೇ ಆ್ಯಪ್‌ಗಳನ್ನು ಮಾಡಿದರು, ಸಂತೋಷ. ಬಸ್ಸು, ಲಾರಿ, ಅಂಚೆ ಬೇಡದ ಪುಸ್ತಕದಿಂದ ಎಲ್ಲರಿಗಿಂತ ಹೆಚ್ಚು ಉಪಕಾರವಾಗಬೇಕಾದದ್ದು ಜತ್ತ, ತಾಳವಾಡಿ, ಕಾಸರಗೋಡಿನ ಶಾಲೆಗಳಿಗಲ್ಲವೇ?

ನಾವು ಕೇಳುವುದು ಪುಕ್ಕಟೆಯಲ್ಲ. ನವೆಂಬರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಅಚ್ಚಿನ ಪುಸ್ತಕಗಳನ್ನೇ ಅರ್ಧ ಬೆಲೆಗೆ ಕೊಡುವುದುಂಟು. ಇ-ಪುಸ್ತಕಕ್ಕೆ ವರ್ಷವಿಡೀ ಅರ್ಧ ಬೆಲೆ ಇಟ್ಟರೆ ಆಗದೇ? ಶಾಲೆ ಒಮ್ಮೆ ದುಡ್ಡು ಕೊಟ್ಟರೆ ತರಗತಿಯ ಮಕ್ಕಳೆಲ್ಲ ಓದುವ ವ್ಯವಸ್ಥೆ ಬೇಕು. ಇನ್ನು ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅರವತ್ತು ವರ್ಷದ ಹಕ್ಕುಸ್ವಾಮ್ಯ 2023ರ ಕೊನೆಗೆ ಮುಗಿಯಿತು. ಇಂಥವರ ಕೃತಿಗಳನ್ನಾದರೂ ಯಾರಾದರೂ ಚೆನ್ನಾಗಿ ತಿದ್ದಿ, ಮಕ್ಕಳಿಗೆ ಉಚಿತವಾಗಿ ಕೊಡಬಾರದೇ?

ಕೊನೆಗೆ ನಾವು ಮಂಗಳೂರಿಗೇ ಹೋದೆವು. ಎರಡು ಚೀಲ ಪುಸ್ತಕ ಹೊತ್ತು ರೈಲಿನಲ್ಲಿ ನಿಂತೇ ಬಂದೆವು. ಕೈ ನೋಯಿತು, ಆದರೆ ಮರುದಿನ ಆ ಚೀಲಗಳ ಸುತ್ತ ಮಕ್ಕಳು ಮುತ್ತಿಕೊಂಡರು. ಫೋನಿನ ಸುತ್ತ ಹಾಗೆ ಮುತ್ತಿ ಪುಸ್ತಕ ಓದುವ ದಿನವೂ ಬರಲಿ. ಅದಕ್ಕೆ ಮೊದಲು ಬೆಲೆ ಇಳಿಯಲಿ. ಏನಂತೀರಿ?